ಮೂರು ಮಾರು ಫಿಲಂ

ಮಜ್ಜಿಗೆ ಚೊಂಬಿನ ಮೇಲಿನ ತಟ್ಟೆ ಎತ್ತಿದಾಗ ಬಂದದ್ದು ಮಜ್ಜಿಗೆಯ ವಾಸನೆಯಲ್ಲ, ಹಳೆಯ ಫಿಲಂ ಡಬ್ಬದ ವಾಸನೆ ಎಂದು ದೊಡ್ಡಸಿದ್ದಯ್ಯನಿಗೆ ಅನ್ನಿಸಿತು. ಹುಳಿ ತಿರುಗಿದ, ಮೂಗಿನೊಳಗೆ ಹೋಗಿ ಕೂತುಕೊಂಡರೆ ಎರಡು ದಿನ ಬಿಡದ ವಾಸನೆ. ತಟ್ಟೆಯನ್ನು ಹಾಗೇ ಮುಚ್ಚಿ ಚೊಂಬನ್ನು ಗೋಡೆಯ ಕಡೆಗೆ ಸರಿಸಿದ. ಹೆಂಡತಿ ಪುಟ್ಟಬಸಮ್ಮ ಒಲೆಯ ಮುಂದಿನಿಂದಲೇ, "ರಾತ್ರಿ ಹೆಪ್ಪಾಕಿದ್ದು, ಹುಳಿಯಾಗಿಲ್ಲ, ಕುಡೀರಿ" ಎಂದಳು. ಅವನು ಕನ್ನಡಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಗಡ್ಡ ಕೆರೆಯುವುದಕ್ಕೆ ಕೂತ. ಎಪ್ಪತ್ತೈದು ವರ್ಷದ ಕೆನ್ನೆಯ ಮೇಲೆ ಬ್ಲೇಡು ಓಡಿಸುವಾಗ ಬೆರಳು ಇನ್ನೂ ನಡುಗುವುದಿಲ್ಲ ಎನ್ನುವುದು ಅವನಿಗಿದ್ದ ಒಂದೇ ಜಂಭ. ಫಿಲಂ ಕೆರೆದು ಅಂಟಿಸಿ ಅಂಟಿಸಿ ಪಳಗಿದ ಬೆರಳು. ಹರಿದ ತುದಿಯ ಮೇಲಿನ ಮಸಿಯನ್ನು ಕೂದಲೆಳೆಯಷ್ಟು ಕೆರೆದು, ಅಂಟು ಸವರಿ, ಹೆಬ್ಬೆರಳಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದರೆ ಪರದೆಯ ಮೇಲೆ ಸಣ್ಣದೊಂದು ನೆಗೆತ, ಅಷ್ಟೇ. ನೋಡುವವರಿಗೆ ಗೊತ್ತಾಗುವುದಿಲ್ಲ. ಗೊತ್ತಾದರೂ ಒಂದು ಸಿಳ್ಳೆ ಹೊಡೆದು ಮರೆಯುತ್ತಾರೆ. ಇವತ್ತು ಮಾತ್ರ ಬ್ಲೇಡು ಗದ್ದದ ಮೂಲೆಯಲ್ಲಿ ಕಚ್ಚಿತು. ರಕ್ತದ ಮೇಲೆ ಪಟಿಕ ಒತ್ತಿ ಹಿಡಿದುಕೊಂಡು, ಅಭ್ಯಾಸದಂತೆ ಹತ್ತು ಎಣಿಸಿದ.

ನಿನ್ನೆ ಸಾಯಂಕಾಲ ಕಾಲೇಜಿನ ಮೇಡಂ ಶ್ರೀವಾಣಿ ಫೋನು ಮಾಡಿದ್ದಳು. "ಸಿದ್ದಯ್ಯನವರೇ, ನಿಮಗೊಂದು ಖುಷಿಯ ಸುದ್ದಿ. ತಿ. ನರಸೀಪುರದಿಂದ ರಾಚಯ್ಯನವರೂ ಬರ್ತಿದ್ದಾರೆ. ಅವರ ಮಗಳು ಬೆಳಗ್ಗೆ ಬಸ್ ಹತ್ತಿಸ್ತಾರಂತೆ. ನೀವಿಬ್ಬರೂ ಒಟ್ಟಿಗೆ ಕೂತು ಆ ದಿನದ ಕಥೆ ಹೇಳಿದ್ರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಪಾಠ ಬೇಕಾ" ಎಂದು ಅಂದಿದ್ದಳು. ಅವನು "ಸರಿ ತಾಯಿ" ಎಂದ. ಹೋದ ತಿಂಗಳು ಆಕೆ ಕಾಲೇಜಿನ ಕಾರ್ಯಕ್ರಮಕ್ಕೆ ಕರೆಯಲು ಮೊದಲ ಸಲ ಮನೆಗೆ ಬಂದಾಗಲೇ ಬೇಡ ಎನ್ನಬಹುದಿತ್ತು. ಅವನು ಕೆಲಸ ಮಾಡಿದ ಟಾಕೀಸು ಮುಚ್ಚಿ ಹನ್ನೆರಡು ವರ್ಷವಾಗಿತ್ತು. ಗೋಡೌನಿನ ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ಕಪ್ಪು ಬಿಳುಪು ಚಿತ್ರದ ಡಬ್ಬಗಳನ್ನು ಟಾಕೀಸಿನ ಸಾಹುಕಾರರ ಮೊಮ್ಮಗ ಯಾರಿಗೋ ಕೊಟ್ಟು, ಅದು ಬೆಂಗಳೂರಿಗೆ ಹೋಗಿ ಕಂಪ್ಯೂಟರಿಗೆ ಇಳಿದು ಬಂದಿತ್ತಂತೆ. ಆ ಚಿತ್ರದ ಪ್ರಿಂಟು ಬೇರೆಲ್ಲೂ ಉಳಿದಿಲ್ಲವಂತೆ. "ನೀವು ಜೋಪಾನ ಮಾಡಿದ್ದರಿಂದ ಒಂದು ಚಿತ್ರ ಬದುಕಿದೆ" ಎಂದು ಆಕೆ ಅಂದಾಗ, ಅವನು ಆಕೆಯ ಚಪ್ಪಲಿಯ ಕಡೆ ನೋಡುತ್ತಾ ಕೂತಿದ್ದ. ಯಾವ ಚಿತ್ರ ಎಂದು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಗಂಜಿ ಹಾಕಿದ ಅಂಗಿ ಕತ್ತನ್ನು ಕೊಯ್ಯುತ್ತಿತ್ತು. ಪುಟ್ಟಬಸಮ್ಮ ಬಾಗಿಲ ತನಕ ಬಂದು, "ರಾಚಣ್ಣನ್ನ ಮನೇಗೆ ಕರ್ಕೊಂಬನ್ನಿ ಊಟಕ್ಕೆ. ಎಷ್ಟು ವರ್ಷಾಯ್ತು ನೋಡಿ. ಪಾಪದ ಮನ್ಸ, ಒಂದು ದಿನಾನೂ ಯಾರನ್ನೂ ದೂರಿದೋನಲ್ಲ" ಎಂದಳು. "ನೋಡನ" ಎಂದು ಹೆಜ್ಜೆ ಹಾಕಿದ. ಬೀದಿಯಲ್ಲಿ ಬಿಸಿಲು ಆಗಲೇ ಏರಿತ್ತು. ಹೊಳೆಯ ಕಡೆಯಿಂದ ಸ್ನಾನ ಮುಗಿಸಿ ಒದ್ದೆ ಬಟ್ಟೆಯಲ್ಲಿ ಬರುತ್ತಿದ್ದ ಪರವೂರಿನವರು, ಫ್ಯಾಕ್ಟರಿ ಬಸ್ಸಿಗೆ ಕಾಯುತ್ತಾ ನಿಂತ ಹುಡುಗಿಯರು, ಬಾಳೆಹಣ್ಣಿನ ಗಾಡಿ. ಗಾಡಿಯವನು, "ಏನ್ ಆಪರೇಟ್ರು, ಮದುವೆ ಗಂಡಿನಂಗೆ ಹೊಂಟಿದ್ದೀರಿ" ಎಂದ. ಊರಿನಲ್ಲಿ ಅವನಿಗೆ ಇವತ್ತಿಗೂ ಅದೇ ಹೆಸರು. ಆ ಹೆಸರು ಬಂದದ್ದು ಹೇಗೆ ಎಂದು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದನೋ ಏನೋ. ಯಾರೂ ಕೇಳಲಿಲ್ಲ.

ಒಂದು ಪ್ರಿಂಟು, ಎರಡು ಊರು, ಎರಡು ಕಡೆಯೂ ಅದೇ ಸಾಹುಕಾರರ ಟಾಕೀಸು. ಹಾಗಿತ್ತು ಆಗಿನ ಏರ್ಪಾಡು. ಅಲ್ಲಿ ನರಸೀಪುರದಲ್ಲಿ ಆಟ ಇಲ್ಲಿಗಿಂತ ಮೂರು ಗಂಟೆ ಮುಂಚೆ ಶುರುವಾಗಬೇಕು. ಅರ್ಧ ಚಿತ್ರ ಓಡಿದ ಮೇಲೆ ಆ ರೀಲುಗಳ ಡಬ್ಬಗಳನ್ನು ಮರದ ಪೆಟ್ಟಿಗೆಗೆ ತುಂಬಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ರಾಚಯ್ಯ ಹೊರಡಬೇಕು. ಇಲ್ಲಿ ನಂಜನಗೂಡಿನಿಂದ ದೊಡ್ಡಸಿದ್ದಯ್ಯ ಹೊರಡಬೇಕು. ನಡುದಾರಿಯಲ್ಲಿ ಒಂದು ಮೈಲಿಗಲ್ಲು. ಅಲ್ಲಿ ಪೆಟ್ಟಿಗೆ ಕೈ ಬದಲಾಗುತ್ತಿತ್ತು. ರಾಚಯ್ಯ ವಾಪಸ್ಸು ಹೋಗಿ ಉಳಿದ ಅರ್ಧ ತರಬೇಕು. ಅದು ನಂಜನಗೂಡಿನ ಇಂಟರ್ವಲ್ಲು ಮುಗಿಯುವ ಬೆಲ್ಲಿನೊಳಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಕುರ್ಚಿ ಮುರಿಯುತ್ತಿದ್ದರು. ದೊಡ್ಡಸಿದ್ದಯ್ಯ ಆಗ ಆಪರೇಟರ್ ಅಲ್ಲ. ಮಿಷಿನ್ನು ಓಡಿಸುತ್ತಿದ್ದ ಆಪರೇಟರ್ ಗೋವಿಂದಯ್ಯ ಎನ್ನುವವರ ಕೈಕೆಳಗೆ ರೀಲು ತರುವವನು, ತಂದ ರೀಲನ್ನು ಸುತ್ತುವವನು, ಹರಿದದ್ದನ್ನು ಅಂಟಿಸುವವನು. ರಾಚಯ್ಯನೂ ಅವನೂ ಎರಡು ವರ್ಷ ದಿನಕ್ಕೆ ಎರಡು ಸಲ ಆ ಕಲ್ಲಿನ ಹತ್ತಿರ ಸಂಧಿಸಿದ್ದರು. ಎರಡು ಮಾತು, ಒಂದು ಬೀಡಿ. ರಾಚಯ್ಯ ಯಾವಾಗಲೂ ಮೊದಲೇ ಬಂದು ಕಲ್ಲಿನ ಮೇಲೆ ಕೂತಿರುತ್ತಿದ್ದ. "ಏನ್ಲಾ ಸಿದ್ದಣ್ಣ, ನಿಮ್ಮೂರಿನ ಗಡಿಯಾರಕ್ಕೆ ಕೀಲಿ ಕೊಡಲ್ವಾ" ಎಂದು ನಗುತ್ತಿದ್ದ.

ಕಾಲೇಜಿನ ಗೇಟಿನಲ್ಲಿ ದೊಡ್ಡ ಬ್ಯಾನರು. ಮೂರನೆಯ ತರಗತಿಗೆ ಬಿಟ್ಟ ಅವನ ಓದು ಅಕ್ಷರ ಅಕ್ಷರ ಕೂಡಿಸಿಕೊಂಡು ಹೋಗುವುದು. ಸಾ-ಹಿ-ತ್ಯ, ಸಿ-ನಿ-ಮಾ. ನೀತಿ. ನಾಯಕತ್ವ. ಕೆಳಗೆ ಅವನ ಫೋಟೋ. ಅದರ ಪಕ್ಕದಲ್ಲಿ ಒಬ್ಬ ಮುದುಕನ ಫೋಟೋ. ಯಾರಿದು ಎಂದು ಒಂದು ಗಳಿಗೆ ಹೊಳೆಯಲಿಲ್ಲ. ಬಾಯಿ ಬೊಚ್ಚಾಗಿ, ಕಣ್ಣು ಒಳಕ್ಕೆ ಹೋಗಿತ್ತು. ಆಮೇಲೆ ಹುಬ್ಬಿನ ಮೇಲಿದ್ದ ಗಾಯದ ಗೆರೆ ಕಂಡಿತು. ಆ ಗೆರೆ ರಕ್ತವಾಗಿದ್ದಾಗ ಅವನು ನೋಡಿದ್ದ. ಎಲ್ಲರಿಗಿಂತ ಮೊದಲು ನೋಡಿದವನು ತಾನೇ.

ರಾಚಯ್ಯ ಆಗಲೇ ಬಂದು ವೇದಿಕೆಯ ಕೆಳಗಿನ ಕುರ್ಚಿಯಲ್ಲಿ ಕೂತಿದ್ದ. ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಪಂಚೆಯನ್ನು ಮಡಿಸಿ ಪಿನ್ನು ಹಾಕಿದ್ದರು. ಕಂಕುಳಿಗೆ ಕೊಡುವ ಕೋಲನ್ನು ಪಕ್ಕದ ಕುರ್ಚಿಗೆ ಒರಗಿಸಿದ್ದ. ಕಾಲೇಜಿನವರು ಕೊಟ್ಟ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಅದು ಮುರಿದು ಲೋಟದೊಳಗೆ ಬಿದ್ದದ್ದನ್ನು ಬೆರಳಿನಿಂದ ತೆಗೆಯಲು ನೋಡುತ್ತಿದ್ದವನು ತಲೆ ಎತ್ತಿ, "ಈಗ ಬಂದ್ಯಾ? ಇವತ್ತೂ ನಾನೇ ಮೊದ್ಲು ಕಣ್ಲಾ" ಎಂದ. ಅದೇ ನಗು. ದೊಡ್ಡಸಿದ್ದಯ್ಯ ಪಕ್ಕದಲ್ಲಿ ಕೂರಲು ಹೋದ. ಕೋಲು ಅಡ್ಡವಿತ್ತು. ಅದನ್ನು ಎತ್ತಿ ಎಲ್ಲಿಡುವುದು ಎಂದು ತಿಳಿಯದೆ, ಕೈಯಲ್ಲಿ ಹಿಡಿದುಕೊಂಡು ಅಷ್ಟು ಜನ ಮಕ್ಕಳ ಮುಂದೆ ನಿಂತುಬಿಟ್ಟ. ಒಬ್ಬ ವಿದ್ಯಾರ್ಥಿ ಬಂದು ಅದನ್ನು ಅವನ ಕೈಯಿಂದ ಬಿಡಿಸಿಕೊಂಡ. ಸ್ವಲ್ಪ ಎಳೆಯಬೇಕಾಯಿತು.

ಶ್ರೀವಾಣಿ ಮೈಕಿನ ಮುಂದೆ ನಿಂತು ಮಾತು ಶುರು ಮಾಡಿದಳು. ಒಳ್ಳೆಯ ಮಾತುಗಾತಿ. ಈ ವರ್ಷ ತಾವು ಓದಿದ ಕಾದಂಬರಿಯ ವಿಷಯ, ಅದರಿಂದ ಮಾಡಿದ ಈ ಚಿತ್ರದ ವಿಷಯ, ಊರು ಮುಳುಗುವಾಗ ಹರಿಗೋಲಿನಲ್ಲಿ ಜನರನ್ನು ದಾಟಿಸುವ ಯಜಮಾನನ ವಿಷಯ. "ನಾಯಕ ಅನ್ನೋನು ಪುಸ್ತಕದಲ್ಲಿ, ಪರದೆ ಮೇಲೆ ಮಾತ್ರ ಇರ್ತಾನಾ? ನಮ್ಮೂರಲ್ಲೇ ಇದ್ದಾನೆ. ಒಂದು ಭಾನುವಾರ, ಆರು ನೂರು ಜನ ಇಂಟರ್ವಲ್ ಮುಗಿಸಿ ಕಾಯ್ತಾ ಕೂತಿದ್ರು. ದಾರೀಲಿ ಇವರ ಸಂಗಾತಿಗೆ ಅಪಘಾತ ಆಯ್ತು, ಕಾಲು ಹೋಯ್ತು. ಆದ್ರೂ ಅವರು ಬೀಳೋದಕ್ಕೆ ಮುಂಚೆ ತಮ್ಮ ಕೆಲಸ ಮುಗಿಸಿದ್ರು, ಇವರು ತಮ್ಮ ಕೆಲಸ ಮುಗಿಸಿದ್ರು. ಒಂದು ನಿಮಿಷ ತಡ ಆಗ್ಲಿಲ್ಲ. ಇಬ್ಬರು ಸಾಮಾನ್ಯರ ಕರ್ತವ್ಯನಿಷ್ಠೆ ಇದು." ಚಪ್ಪಾಳೆ. ರಾಚಯ್ಯ ಕೂತಲ್ಲೇ ಕೈ ಮುಗಿದ. ದೊಡ್ಡಸಿದ್ದಯ್ಯನ ಅಂಗಿಯ ಕತ್ತುಪಟ್ಟಿ ಬೆವರಿಗೆ ಮೆತ್ತಗಾಗಿ ಗಂಜಿಯ ವಾಸನೆ ಬರುತ್ತಿತ್ತು. ಒಂದು ನಿಮಿಷವಲ್ಲ, ಏಳು ನಿಮಿಷ ತಡವಾಗಿತ್ತು. ಆ ಏಳು ನಿಮಿಷದಲ್ಲಿ ತಾನು ಏನು ಮಾಡುತ್ತಿದ್ದೆ ಎನ್ನುವುದು ಬೆರಳಿಗೆ ನೆನಪಿತ್ತು.

ಮೈಕನ್ನು ರಾಚಯ್ಯನ ಬಾಯಿಯ ಹತ್ತಿರ ಹಿಡಿದರು. "ನಾನೇನ್ ಹೇಳ್ಲಿ ಮೇಡಮ್ಮಾರೆ, ಓದ್ದೋನಲ್ಲ" ಎಂದವನು ಹೇಳುತ್ತಲೇ ಹೋದ. "ಅವತ್ತು ಬಿಸ್ಲು ಅಂದ್ರೆ ಬಿಸ್ಲು. ಕಲ್ಲತ್ರ ಬಂದೆ. ಸಿದ್ದಣ್ಣ ಬಂದ. ಪೆಟ್ಗೆ ಕೊಟ್ಟೆ. ಅವ್ನೊಂದು ಬೀಡಿ ಕೊಟ್ಟ, ಸೇದ್ದೆ. ಅವ್ನು ಇತ್ಲಾಗೋದ, ನಾನು ಅತ್ಲಾಗೋದೆ. ಓಗ್ತಾ ಓಗ್ತಾ ನಾಲೆ ಮೋರಿತಾವ ಯಾವ್ದೋ ಲಾರಿ ಸವ್ರುಕೊಂಡೋಯ್ತು. ಆಮೇಲೇನೂ ನೆಪ್ಪಿಲ್ಲ. ಆಸ್ಪತ್ರೇಲಿ ಕಣ್ ಬಿಟ್ಟಾಗ ನಾನು ಕೇಳಿದ್ದು ಒಂದೇ, ಪೆಟ್ಗೆ ಸೇರ್ತಾ ಅಂತ. ಸಿದ್ದಣ್ಣ ಪಕ್ಕದಲ್ಲೇ ಇದ್ದ. ಸೇರ್ತು ಕಣೋ, ನೀನೇ ಕೈಯಾರೆ ಕೊಟ್ಯಲ್ಲ ಅಂದ. ಕಾಲೋದ್ರೆ ಓಗ್ಲಿ, ಕೆಲ್ಸ ಕೆಟ್ಟಿಲ್ವಲ್ಲ ಅಂತ ಸಮಾಧಾನ ಆಯ್ತು. ಇವತ್ತಿಗೂ ಅದೇ ಸಮಾಧಾನ." ಮಕ್ಕಳಲ್ಲಿ ಒಬ್ಬಳು ಕಣ್ಣೊರೆಸಿಕೊಂಡಳು.

ಆ ಬೀಡಿಯನ್ನು ಕೊಟ್ಟದ್ದು ಕಲ್ಲಿನ ಹತ್ತಿರವಲ್ಲ, ಆಸ್ಪತ್ರೆಯಲ್ಲಿ, ಮಾತಿನಲ್ಲಿ. ತಲೆಗೆ ಸುತ್ತಿದ ಬಟ್ಟೆಯೊಳಗಿನಿಂದ ರಾಚಯ್ಯ, "ಕೊಟ್ಟೆ ಅಂತೀಯ, ನಂಗೇನೂ ನೆಪ್ಪಿಲ್ವಲ್ಲಾ" ಎಂದು ಮತ್ತೆ ಮತ್ತೆ ಕೇಳಿದಾಗ ದೊಡ್ಡಸಿದ್ದಯ್ಯ, "ಕೊಟ್ಯಲ್ಲೋ, ಬೀಡಿ ಸೇದ್ಕೊಂಡು ಹೋದೆ, ಗಣೇಶ ಬೀಡಿ ಇರ್ಲಿಲ್ಲ ಅಂತ ಬೈದೆ" ಎಂದಿದ್ದ. ಸುಳ್ಳಿಗೆ ಒಂದು ಬೀಡಿ ಹಚ್ಚಿಕೊಟ್ಟ ಮೇಲೆ ಅದು ತಾನಾಗಿ ಹೊಗೆಯಾಡಿತು. ಹೊರಗೆ ಸಾಹುಕಾರರ ಗುಮಾಸ್ತ ನಿಂತಿದ್ದ. ಅವನಿಗೆ ಬೇಕಾಗಿದ್ದದ್ದು ಒಂದೇ ಮಾತು: ಬಿದ್ದದ್ದು ರೀಲು ತರುವಾಗಲೋ, ಕೊಟ್ಟು ಹೋಗುವಾಗಲೋ. ತರುವಾಗ ಬಿದ್ದಿದ್ದರೆ ಟಾಕೀಸಿನ ಕೆಲಸದ ಮೇಲೆ ಬಿದ್ದ ಹಾಗೆ. ಗೇಟಿನಲ್ಲಾದರೂ ಕೂರಿಸಿ ಸಾಯುವ ತನಕ ಕೆಲಸ ಕೊಡಬೇಕು. ಕೊಟ್ಟು ಹೋಗುವಾಗ ಬಿದ್ದಿದ್ದರೆ ಅವನ ದಾರಿ ಅವನದು. ದೊಡ್ಡಸಿದ್ದಯ್ಯ ಗುಮಾಸ್ತನಿಗೂ ಬೀಡಿಯ ಕಥೆಯನ್ನೇ ಹೇಳಿದ. ತರುವಾಗ ಬಿದ್ದ ಎಂದಿದ್ದರೆ, ಹಾಗಾದರೆ ಪೆಟ್ಟಿಗೆ ನಿನ್ನ ಕೈಗೆ ಹೇಗೆ ಬಂತು ಎಂದು ಕೇಳುತ್ತಿದ್ದರು. ಮುಂದಿನ ವರ್ಷ ಗೋವಿಂದಯ್ಯನವರ ಕಣ್ಣು ಮಂಜಾದಾಗ ಸಾಹುಕಾರರು, "ಆ ಭಾನುವಾರ ಮಾನ ಉಳಿಸಿದ ಹುಡುಗ" ಎಂದು ಇವನನ್ನೇ ಆಪರೇಟರ್ ಮಾಡಿದರು.

ಕಿಟಕಿಗಳ ಪರದೆ ಎಳೆದರು. ಸಭಾಂಗಣ ಕತ್ತಲಾಯಿತು. ಬೆಳಕಿನ ಕೋಲು ಹಿಂದಿನಿಂದ ಬರಲಿಲ್ಲ, ಚಾವಣಿಗೆ ತೂಗುಹಾಕಿದ ಒಂದು ಬಿಳಿ ಡಬ್ಬದಿಂದ ಬಂತು, ಶಬ್ದವೇ ಇಲ್ಲ. ಪರದೆಯ ಮೇಲೆ ಹೊಳೆ. ಕಪ್ಪು ನೀರು, ಬಿಳಿ ಆಕಾಶ. ಒಂಬತ್ತನೆಯ ರೀಲು. ಗೀರುಗಳು ಒಂದೊಂದೂ ಅವನಿಗೆ ಪರಿಚಯ, ಮನೆಯ ಗೋಡೆಯ ಬಿರುಕಿನ ಹಾಗೆ. ಹರಿಗೋಲಿನ ತುಂಬ ಹೆಂಗಸರು, ಕುರಿ, ಮೂಟೆ. ನಡುವೆ ಯಜಮಾನ, ಕೈಯಲ್ಲಿ ಹರಿಗೋಲು ತಳ್ಳುವ ಜಲ್ಲೆ. ಹಿಂದಿನ ದಡದಲ್ಲಿ ಕುಂಟ ಕುಂಬಾರನೊಬ್ಬ ಉಳಿದುಹೋಗಿದ್ದಾನೆ. ಅವನು ಕೂಗಿದ್ದು ಗಾಳಿಯಲ್ಲಿ ಕೇಳಿಸುತ್ತದೆ. ಹರಿಗೋಲು ಹೊಳೆಯ ನಡುವೆ ಬಂತು. ಈಗ, ಎಂದುಕೊಂಡ ದೊಡ್ಡಸಿದ್ದಯ್ಯ. ಹೆಬ್ಬೆರಳು ತೋರುಬೆರಳಿನ ಮೇಲೆ ಒತ್ತಿಕೊಂಡಿತು. ಪರದೆ ಒಮ್ಮೆ ನೆಗೆಯಿತು. ಯಜಮಾನ ಹಿಂದಿನ ದಡದಲ್ಲಿ ನಿಂತು ಕುಂಬಾರನನ್ನು ಹೆಗಲಿಗೆ ಎತ್ತಿಕೊಳ್ಳುತ್ತಿದ್ದ.

ಅವತ್ತು ನಾಲೆಯ ಮೋರಿಯ ಕೆಳಗೆ ಸೈಕಲ್ಲಿನ ಚಕ್ರ ಗಾಳಿಗೆ ತಿರುಗುತ್ತಿತ್ತು. ಕಲ್ಲಿನ ಹತ್ತಿರ ಕಾದೂ ಕಾದೂ ಸಾಕಾಗಿ ಮುಂದಕ್ಕೆ ತುಳಿದುಕೊಂಡು ಹೋದವನಿಗೆ ಮೊದಲು ಕಂಡದ್ದು ಅದು. ಪೆಟ್ಟಿಗೆ ಒಡೆದಿತ್ತು. ಡಬ್ಬಗಳು ಹುಲ್ಲಿನಲ್ಲಿ ಚೆಲ್ಲಾಡಿದ್ದವು. ಒಂದರ ಮುಚ್ಚಳ ಕಳಚಿ ರೀಲಿನ ಸುರುಳಿ ಕೆಸರಿನಲ್ಲಿ ಅರ್ಧ ಮುಳುಗಿತ್ತು. ಅವನು ಮೊದಲು ಓಡಿದ್ದು ಆ ಡಬ್ಬದ ಕಡೆಗೆ. ಇದನ್ನು ಅವನು ಯಾವತ್ತೂ ತನ್ನಿಂದ ಮುಚ್ಚಿಟ್ಟುಕೊಂಡಿಲ್ಲ. ಡಬ್ಬ ಎತ್ತಿ, ಪಂಚೆಯಲ್ಲಿ ಒರೆಸಿ, ಆಮೇಲೆ ತಿರುಗಿದಾಗ ರಾಚಯ್ಯ ಕಂಡ. ಕಾಲು ಇರಬಾರದ ಕಡೆಗೆ ತಿರುಗಿತ್ತು. ಹುಬ್ಬಿನಿಂದ ರಕ್ತ. ಕಣ್ಣು ಬಿಟ್ಟಿದ್ದ. ಕೈ ಎತ್ತಿದ. "ಈಗ ಬಂದೆ ಕಣೋ" ಎಂದು ದೊಡ್ಡಸಿದ್ದಯ್ಯ ಹೇಳಿದ. ಡಬ್ಬಗಳನ್ನು ಟವೆಲ್ಲಿನಲ್ಲಿ ಕಟ್ಟಿ ಸೈಕಲ್ಲಿಗೆ ಬಿಗಿದು ಹತ್ತಿದ. ಮುಂದಿನ ಊರಿನಲ್ಲಿ ಹೇಳುತ್ತೇನೆ ಎಂದುಕೊಂಡ. ಟೀ ಅಂಗಡಿಯವನು "ಯಾಕ್ ಲೇಟು ಸಿದ್ದಣ್ಣ" ಎಂದು ಕೂಗಿದ. ಇಳಿದರೆ ಅವರ ಜೊತೆ ವಾಪಸ್ಸು ಬರಬೇಕಾಗುತ್ತದೆ. ಬೆಲ್ಲು ಹೊಡೆದುಕೊಂಡು ಮುಂದೆ ಹೋದ. ಟಾಕೀಸಿನಲ್ಲಿ ಕಾಲಿನ ಸದ್ದು ನೆಲವನ್ನು ಗುದ್ದುತ್ತಿತ್ತು. ಗೋವಿಂದಯ್ಯನವರು ಕ್ಯಾಬಿನ್ನಿನಲ್ಲಿ ಬೆವೆತು, "ತಾರೋ, ತಾರೋ" ಎನ್ನುತ್ತಿದ್ದರು. ಕೆಸರು ಹತ್ತಿದ ಭಾಗವನ್ನು ಮಿಷಿನ್ನಿಗೆ ಕೊಟ್ಟರೆ ಹರಿಯುತ್ತದೆ. ಅಳೆದ. ಕೈ ಚಾಚಿದರೆ ಒಂದು ಮಾರು. ಮೂರು ಮಾರು ಕೆಟ್ಟಿತ್ತು. ಮೂರು ಮಾರು ಎಂದರೆ ಪರದೆಯ ಮೇಲೆ ಹನ್ನೆರಡು ಸೆಕೆಂಡು. ಕತ್ತರಿಸಿದ, ಕೆರೆದ, ಅಂಟಿಸಿದ, ಹತ್ತು ಎಣಿಸಿದ. ಸುತ್ತಿಕೊಂಡ ತುಂಡನ್ನು ಜೇಬಿಗೆ ಹಾಕಿಕೊಂಡ. ಆಟ ಮುಗಿಯುವ ತನಕ ಬಾಯಿ ಬಿಡಲಿಲ್ಲ. ಅಷ್ಟು ಹೊತ್ತಿಗೆ ಯಾರೋ ಗಾಡಿಯವರು ರಾಚಯ್ಯನನ್ನು ಹುಲ್ಲಿನ ಮೇಲೆ ಮಲಗಿಸಿಕೊಂಡು ಹೋಗಿದ್ದರು. ಎರಡು ಗಂಟೆ ಮೊದಲು ತಂದಿದ್ದರೆ ಕಾಲು ಉಳಿಯುತ್ತಿತ್ತು ಎಂದು ಡಾಕ್ಟರು ಆಮೇಲೆ ಯಾರಿಗೋ ಹೇಳಿದ್ದನ್ನು ಅವನು ಕಂಬದ ಹಿಂದೆ ನಿಂತು ಕೇಳಿದ್ದ. ಮಾರನೆಯ ದಿನ ಆ ತುಂಡನ್ನು ಕಪಿಲೆ ಹೊಳೆಗೆ ಎಸೆದ. ಅದು ಮುಳುಗಲಿಲ್ಲ. ಸುರುಳಿ ಬಿಚ್ಚಿಕೊಂಡು, ಹಾವಿನ ಪೊರೆಯ ಹಾಗೆ, ಮೆಟ್ಟಿಲುಗಳ ಅಂಚಿನಲ್ಲೇ ತುಂಬ ದೂರ ತೇಲಿಕೊಂಡು ಹೋಯಿತು.

ದೀಪ ಹಾಕಿದರು. ಮಕ್ಕಳು ಕಣ್ಣು ಉಜ್ಜಿಕೊಂಡರು. ಶ್ರೀವಾಣಿ, "ನೋಡಿದ್ರಲ್ಲ. ಕಾದಂಬರೀಲಿ ಯಜಮಾನ ವಾಪಸ್ ಹೋಗಬೇಕೋ ಬೇಡವೋ ಅಂತ ಎರಡು ಪುಟ ಯೋಚನೆ ಮಾಡ್ತಾನೆ. ಚಿತ್ರದಲ್ಲಿ?" ಎಂದು ಕೇಳಿದಳು. ಮದನ್ ಎಂಬ ವಿದ್ಯಾರ್ಥಿ, ಕೋಲು ಇಸಿದುಕೊಂಡಿದ್ದನಲ್ಲ, ಅವನೇ, ಎದ್ದು ನಿಂತ. "ಮೇಡಂ, ಡೈರೆಕ್ಟರ್ ಅದನ್ನ ತೋರಿಸೋದೇ ಇಲ್ಲ. ಹೊಳೆ ಮಧ್ಯ ಇದ್ದೋನು ಸಡನ್ನಾಗಿ ದಡದಲ್ಲಿದ್ದಾನೆ. ನಿಜವಾದ ಲೀಡರ್ ಯೋಚನೆ ಮಾಡಲ್ಲ, ಮಾಡ್ತಾನೆ. ಅದಕ್ಕೇ ಆ ಕ್ಷಣಾನ ಬೇಕಂತಲೇ ಕಟ್ ಮಾಡಿದ್ದಾರೆ. ಆ ಕಾಲಕ್ಕೆ ಇಂಥ ಕಟ್ ಮಾಡೋಕೆ ಧೈರ್ಯ ಬೇಕು." ಮೇಡಂ ಮೆಚ್ಚಿ ತಲೆ ಆಡಿಸಿದಳು. ಬೋರ್ಡಿನ ಮೇಲೆ ಏನೋ ಬರೆದಳು. ಇನ್ನೊಬ್ಬಳು ಎದ್ದು, ಆ ಖಾಲಿ ಜಾಗವನ್ನು ನೋಡುವವನ ಮನಸ್ಸೇ ತುಂಬಬೇಕು ಎಂದು ಹೇಳಿದಳು. ಎಲ್ಲರೂ ಬರೆದುಕೊಂಡರು. ತನ್ನ ಕತ್ತರಿಯ ಒಂದು ಏಟು ನಲವತ್ತು ನೋಟ್‌ಬುಕ್ಕಿಗೆ ಇಳಿಯುವುದನ್ನು ದೊಡ್ಡಸಿದ್ದಯ್ಯ ನೋಡುತ್ತಿದ್ದ.

ಆಗ ರಾಚಯ್ಯ ಮೈಕಿಲ್ಲದೆ, "ಇಲ್ಲೊಂದು ಬಿಟ್ಟೋಗದೆ" ಎಂದ.

ಶ್ರೀವಾಣಿ ತಿರುಗಿದಳು. "ಏನು ರಾಚಯ್ಯನವರೇ?"

"ಅವ್ನು ಸುಮ್ನೆ ದಡಕ್ಕೆ ಬರಾಕಿಲ್ಲ ಮೇಡಮ್ಮಾರೆ. ಮೊದ್ಲು ತಿರುಗಿ ನೋಡ್ತಾನೆ. ಹಿಂಗೆ." ರಾಚಯ್ಯ ತನ್ನ ಬತ್ತಿದ ಕತ್ತನ್ನು ನಿಧಾನವಾಗಿ ಹೆಗಲಿನ ಮೇಲೆ ತಿರುಗಿಸಿ ತೋರಿಸಿದ. "ಮೊಕ ಇಷ್ಟು ದೊಡ್ಡದಾಗಿ ಬತ್ತದೆ. ಕಣ್ಣಲ್ಲಿ ನೀರಿರಾಕಿಲ್ಲ. ಬರೀ ನೋಡ್ತಾನೆ. ಆಮ್ಯಾಕೆ ಜಲ್ಲೆ ತಿರುಗಿಸ್ತಾನೆ. ದಿನಾ ನಮ್ಮೂರ ಟಾಕೀಸು ಬಾಗ್ಲಲ್ಲಿ ನಿಂತು ಅದೊಂದು ನೋಡೇ ನಾನು ಪೆಟ್ಗೆ ಕಟ್ತಿದ್ದೆ. ಆ ನೋಟಕ್ಕೆ ನಮ್ಮೂರಲ್ಲಿ ಪಿನ್ ಡ್ರಾಪು ಸೈಲೆನ್ಸು ಅಂತಾರಲ್ಲ, ಹಂಗಾಗೋದು." ಆಮೇಲೆ ಪಕ್ಕಕ್ಕೆ ತಿರುಗಿ, ಏನೂ ಕಪಟವಿಲ್ಲದೆ ಕೇಳಿದ: "ಎಲ್ಲೋಯ್ತು ಸಿದ್ದಣ್ಣ ಅದು? ನಿನ್ ತಾವಲ್ವಾ ಪ್ರಿಂಟು ಇದ್ದುದ್ದು?"

ಸಭಾಂಗಣದ ಎಲ್ಲ ಕಣ್ಣುಗಳೂ ಅವನ ಮೇಲೆ ಬಿದ್ದವು. ಹೇಳಿಬಿಡಬಹುದಿತ್ತು. ಬಾಯಿಗೆ ಬಂದಿತ್ತು. ಆದರೆ ಮುಂದಿನ ಸಾಲಿನಲ್ಲಿ ಯಾರೋ ಮೊಬೈಲು ಎತ್ತಿ ಹಿಡಿದಿದ್ದರು. ಗೋಡೆಯ ಮೇಲಿನ ಇನ್ನೊಂದು ಬ್ಯಾನರಿನಲ್ಲಿ ತನ್ನ ಮುಖವೇ ತನ್ನನ್ನು ನೋಡುತ್ತಿತ್ತು. "ಹಂಗೇನಿರ್ಲಿಲ್ಲವಲ್ಲೋ" ಎಂದ. ಧ್ವನಿ ಅಷ್ಟು ಸಲೀಸಾಗಿ ಬಂದದ್ದು ಅವನಿಗೇ ಆಶ್ಚರ್ಯವಾಯಿತು. "ಮೊದ್ಲಿಂದ್ಲೂ ಹಿಂಗೇ ಇದ್ದುದ್ದು. ನೂರಾರು ಸಲ ಓಡ್ಸಿದ್ದೀನಿ. ನೀನು ಬೇರೆ ಯಾವ್ದೋ ಪಿಚ್ಚರ್ ಜ್ಞಾಪಿಸ್ಕೋತಿದ್ದೀಯ."

ಮಕ್ಕಳು ಮೆಲ್ಲಗೆ ನಕ್ಕರು. ಕೆಟ್ಟ ನಗುವಲ್ಲ, ಮನೆಯ ಅಜ್ಜ ಮೊಮ್ಮಗನ ಹೆಸರು ಮರೆತಾಗ ನಗುವ ನಗು. ರಾಚಯ್ಯನ ಮುಖದಲ್ಲಿ ಗೊಂದಲ ಒಂದು ಗಳಿಗೆ ನಿಂತಿತು. "ಹಂಗಾ" ಎಂದ. "ಇದ್ರೂ ಇರ್ಬೋದು. ತಲೆಗೆ ಪೆಟ್ಟು ಬಿದ್ದುದ್ದಲ್ವಾ ಮೇಡಮ್ಮಾರೆ, ನನ್ ನೆಪ್ಪು ಅಷ್ಟು ಸರೀಗಿಲ್ಲ. ತಪ್ಪು ತಿಳ್ಕೊಂಡಿದ್ದೆ, ಮಾಫಿ ಮಾಡಿ." ಕೈ ಮುಗಿದ. ಶ್ರೀವಾಣಿ, "ಅಯ್ಯೋ, ನೀವು ಹೇಳಿದ್ದೇ ಎಷ್ಟು ಚೆನ್ನಾಗಿದೆ, ಪ್ರೇಕ್ಷಕ ತನ್ನದೇ ಚಿತ್ರ ಕಟ್ಕೋತಾನೆ ಅನ್ನೋದಕ್ಕೆ ಇದೇ ಉದಾಹರಣೆ" ಎಂದು ಅದನ್ನೂ ಬೋರ್ಡಿನ ಮೇಲೆ ಬರೆದಳು. ಶಾಲು, ಹಣ್ಣಿನ ಬುಟ್ಟಿ, ಫೋಟೋ. ಫೋಟೋದವನು ಇಬ್ಬರೂ ಕೈ ಹಿಡಿದುಕೊಳ್ಳಿ ಎಂದ. ರಾಚಯ್ಯನ ಅಂಗೈ ಒಣಗಿತ್ತು, ಬೆಚ್ಚಗಿತ್ತು.

ಊಟಕ್ಕೆ ಕರೆದ. ರಾಚಯ್ಯ, ಮಗಳು ಕಾಯುತ್ತಾಳೆ ಎಂದ. ಬಸ್‌ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸು ಹತ್ತಿಸಿ ಇಳಿಯಬೇಕೆಂದಿದ್ದ ದೊಡ್ಡಸಿದ್ದಯ್ಯ ಇಳಿಯಲಿಲ್ಲ. "ನೀನೆಲ್ಲಿಗ್ಲಾ?" ಎಂದ ರಾಚಯ್ಯ. "ಬಿಟ್ಬುಟ್ಟು ಬತ್ತೀನಿ ಸುಮ್ನಿರು" ಎಂದು ಇಬ್ಬರಿಗೂ ಟಿಕೆಟ್ಟು ತೆಗೆದುಕೊಂಡ. ರಾಚಯ್ಯ ಕಿಟಕಿಯ ಪಕ್ಕ ಕೂತ. ಬಸ್ಸು ಊರು ಬಿಟ್ಟಿತು. ಎರಡೂ ಕಡೆ ಕಬ್ಬು, ಗದ್ದೆ, ನಡುನಡುವೆ ಹೊಸ ಮನೆಗಳ ಬಣ್ಣ. ರಾಚಯ್ಯ ಹೆಗಲ ಮೇಲಿನ ಶಾಲಿನ ಜರಿಯನ್ನು ಬೆರಳಲ್ಲಿ ಸವರುತ್ತಾ, ಹೊರಗೆ ನೋಡುತ್ತಾ, "ಅದೊಂದು ಇತ್ತು ಅಂದ್ಕೊಂಡಿದ್ದೆ ಕಣ್ಲಾ" ಎಂದ. "ಅವ್ನು ತಿರುಗಿ ನೋಡೋದು. ಆಸ್ಪತ್ರೇಲಿ ಮಲಗಿರೋವಾಗ, ಮನೇಲಿ ಒಬ್ನೇ ಕುಂತಿರೋವಾಗ, ಕಣ್ ಮುಚ್ಚುದ್ರೆ ಅದೇ ಬರೋದು. ಎಷ್ಟು ಸಲ ನೋಡಿವ್ನಿ ಅದ್ನ. ಇಲ್ದೇ ಇದ್ದುದ್ದ ಇಷ್ಟು ವರ್ಷ ನೋಡ್ತಿದ್ನಲ್ಲ, ನಗೆ ಬತ್ತದೆ." ನಗಲಿಲ್ಲ.

ಅವತ್ತು ನಡೆಯದ ಒಂದನ್ನು ಇವನ ತಲೆಯೊಳಗೆ ಇಟ್ಟೆ. ಇವತ್ತು ಇದ್ದ ಒಂದನ್ನು ತೆಗೆದುಕೊಂಡೆ. ದೊಡ್ಡಸಿದ್ದಯ್ಯನಿಗೆ ಲೆಕ್ಕ ಅಷ್ಟು ಸ್ಪಷ್ಟವಾಗಿ ಯಾವತ್ತೂ ಕಂಡಿರಲಿಲ್ಲ. ರಸ್ತೆ ಅಗಲ ಮಾಡಿದಾಗ ಮೈಲಿಗಲ್ಲು ಹೋಗಿ ಅಲ್ಲೊಂದು ಬಸ್ ನಿಲ್ಲುವ ತಂಗುದಾಣ ಬಂದಿತ್ತು. ರಾಚಯ್ಯ ಬೆರಳು ತೋರಿಸಿ, "ಇಲ್ಲೇ ಅಲ್ವಾ, ಪೆಟ್ಗೆ ಕೊಟ್ಟುದ್ದು, ಬೀಡಿ ಸೇದಿದ್ದು" ಎಂದ. ತಂಗುದಾಣ ಹಿಂದಾಯಿತು. ಬಸ್ಸು ಎರಡು ತಿರುವು ತಿರುಗಿತು. ನಾಲೆಯ ಮೋರಿ ಬಂತು. ಹೊಸ ಸಿಮೆಂಟಿನ ಕಟ್ಟೆ, ಕೆಳಗೆ ಅದೇ ಕೆಸರು, ಅದೇ ಜೊಂಡು.

"ಇಲ್ಲಿ ಕಣೋ" ಎಂದ ದೊಡ್ಡಸಿದ್ದಯ್ಯ. "ಕಲ್ಲತ್ರ ಅಲ್ಲ. ನೀನು ಕಲ್ಲಿಗೆ ಬರ್ಲೇ ಇಲ್ಲ. ಬರ್ತಾ ಇಲ್ಲೇ ಬಿದ್ದಿದ್ದೆ. ಡಬ್ಬ ನೀನು ಕೊಡ್ಲಿಲ್ಲ, ನಾನೇ ಎತ್ಕೊಂಡೆ. ಒಂದು ರೀಲು ಕೆಸ್ರಾಗಿತ್ತು. ಮೂರು ಮಾರು ಕತ್ತರಿಸ್ದೆ. ನೀನು ಹೇಳಿದ್ಯಲ್ಲ, ಅವ್ನು ತಿರುಗಿ ನೋಡೋದು, ಅದು ಆ ಮೂರು ಮಾರಲ್ಲಿತ್ತು. ಇತ್ತು ಕಣೋ. ನಿನ್ ನೆಪ್ಪು ಸರಿಯಾಗೇ ಅದೆ."

ಕಂಡಕ್ಟರು ಚಿಲ್ಲರೆ ಕೊಡಲು ಬಂದವನು ಕೈಗಿಟ್ಟು ಹೋದ. ರಾಚಯ್ಯ ಮೋರಿ ಮರೆಯಾಗುವ ತನಕ ಹೊರಗೇ ನೋಡುತ್ತಿದ್ದ. ಶಾಲಿನ ಜರಿಯ ಮೇಲೆ ಬೆರಳು ನಿಂತಿತ್ತು.

"ಬೀಡಿ?" ಎಂದ.

"ಬೀಡಿ ನಾನು ಕಟ್ಟಿ ಹೇಳಿದ್ದು."

"ಹಂಗಾರೆ ನಾನು ಪೆಟ್ಗೆ ಸೇರಿಸಿಲ್ಲ." ಇದನ್ನು ಅವನು ದೊಡ್ಡಸಿದ್ದಯ್ಯನಿಗೆ ಹೇಳಲಿಲ್ಲ, ಎದುರಿನ ಸೀಟಿನ ಬೆನ್ನಿಗೆ ಹೇಳಿದ. ಕಾಲಿನ ಮಾತು ಬರಲಿಲ್ಲ. ಗೇಟಿನ ಕೆಲಸದ ಮಾತು ಬರಲಿಲ್ಲ. ಬೈಯುತ್ತಾನೆ, ಕೋಲು ಎತ್ತುತ್ತಾನೆ, ಬಸ್ಸಿನವರೆಲ್ಲ ತಿರುಗಿ ನೋಡುತ್ತಾರೆ ಎಂದು ದೊಡ್ಡಸಿದ್ದಯ್ಯ ಹೆಗಲು ಕುಗ್ಗಿಸಿಕೊಂಡು ಕಾದ. ಕಾಯುತ್ತಾ, ಹಾಗಾದರೆ ಒಳ್ಳೆಯದಿತ್ತು ಎಂದು ಆಸೆಪಟ್ಟ. ಏನೂ ಆಗಲಿಲ್ಲ. ಮುಂದಿನ ಸೀಟಿನ ಹೆಂಗಸಿನ ಕುಕ್ಕೆಯಲ್ಲಿ ಕೋಳಿಯೊಂದು ಕೊಸರಾಡಿತು. ನರಸೀಪುರದ ಮೊದಲ ಮನೆಗಳು ಕಾಣುವಾಗ ರಾಚಯ್ಯ ಕೇಳಿದ.

"ನಾನು ಕಣ್ ಬಿಟ್ಟಿದ್ನಾ?"

"ಬಿಟ್ಟಿದ್ದೆ."

"ನಿನ್ನ ನೋಡಿದ್ನಾ?"

"ನೋಡ್ದೆ. ಕೈ ಎತ್ತಿದ್ದೆ."

"ಓಗ್ತಾ ತಿರುಗಿ ನೋಡಿದ್ಯಾ, ನೀನು?"

ಹೌದು ಎಂದು ಬಿಡಬಹುದಿತ್ತು. ಇದೊಂದನ್ನು ಕೊಟ್ಟರೆ ಇವನು ಇನ್ನುಳಿದ ದಿನ ಅದನ್ನಾದರೂ ನೋಡಿಕೊಂಡು ಕೂತಿರುತ್ತಾನೆ. ಮೋರಿಯ ಏರು, ಪೆಡಲಿನ ಮೇಲೆ ನಿಂತು ತುಳಿದದ್ದು, ಹಿಂದೆ ಡಬ್ಬಗಳು ಒಂದಕ್ಕೊಂದು ತಾಕಿ ಸದ್ದು ಮಾಡುತ್ತಿದ್ದದ್ದು, ಕತ್ತು ಮರದ ಹಾಗೆ ಬಿಗಿದುಕೊಂಡಿದ್ದದ್ದು.

"ಇಲ್ಲ" ಎಂದ.

ಬಸ್ಸು ಸ್ಟ್ಯಾಂಡಿನೊಳಗೆ ತಿರುಗಿ ನಿಂತಿತು. ರಾಚಯ್ಯ ಕೋಲು ಕಂಕುಳಿಗೆ ಕೊಟ್ಟುಕೊಂಡು ಎದ್ದ. ದೊಡ್ಡಸಿದ್ದಯ್ಯ ಚಾಚಿದ ಕೈಯನ್ನು ಅವನು ತಳ್ಳಲಿಲ್ಲ, ಹಿಡಿಯಲೂ ಇಲ್ಲ. ಅಲ್ಲೊಂದು ಕೈ ಇದೆ ಎನ್ನುವುದೇ ತಿಳಿಯದವನ ಹಾಗೆ ದಾಟಿಕೊಂಡು, ಕಂಡಕ್ಟರನ ಭುಜ ಹಿಡಿದು ಇಳಿದ. ದಾರಿ ತೋರಿಸುವ ಹ್ಯಾಂಡ್‌ಪೋಸ್ಟಿನ ಹತ್ತಿರ ಛತ್ರಿ ಹಿಡಿದು ಹೆಂಗಸೊಬ್ಬಳು ನಿಂತಿದ್ದಳು, ಮಗಳಿರಬೇಕು. ಅವನು ಆ ಕಡೆಗೆ ಕೋಲು ಊರುತ್ತಾ ಹೊರಟ. ಕೋಲು, ಕಾಲು. ಕೋಲು, ಕಾಲು.

"ಅಜ್ಜ, ನಿಮ್ಮೋರು ಶಾಲು ಬಿಟ್ಟೋದ್ರು ನೋಡಿ" ಎಂದು ಕಂಡಕ್ಟರು ಸೀಟಿನ ಮೇಲಿದ್ದದ್ದನ್ನು ತೋರಿಸಿದ. ದೊಡ್ಡಸಿದ್ದಯ್ಯ ಅದನ್ನು ಮುಟ್ಟಲಿಲ್ಲ. ಕಿಟಕಿಯ ಸರಳಿಗೆ ಹಣೆ ಕೊಟ್ಟು ನೋಡುತ್ತಿದ್ದ. ತೊಡೆಯ ಮೇಲೆ ಅವನ ಎರಡು ಕೈಗಳು ತಾವಾಗಿ ಅಗಲಕ್ಕೆ ಸರಿದವು, ಮತ್ತೆ ಕೂಡಿದವು, ಮತ್ತೆ ಸರಿದವು. ಒಂದು ಮಾರು. ಎರಡು ಮಾರು. ಮೂರನೆಯದನ್ನು ಅವನು ಸಾವಕಾಶವಾಗಿ, ಭುಜ ನೋಯುವ ತನಕ ಎಳೆದ. ಛತ್ರಿಯ ನೆರಳು ರಾಚಯ್ಯನ ಬೆನ್ನಿನ ಮೇಲೆ ಬಿತ್ತು, ಬೆನ್ನು ಜನರ ನಡುವೆ ಸಣ್ಣದಾಯಿತು. ರಾಚಯ್ಯ ತಿರುಗಿ ನೋಡಲಿಲ್ಲ.